ಹನ್ನೆರಡು ಮನೆಗಳ ಹೆಬ್ಬೆಟ್ಟು

ಒಂಬತ್ತನೆಯ ಕಂತು

"ಹಿಡಿದದ್ದು ನಾನೇ," ಎಂದರು ಕ್ಯಾಷಿಯರ್ ವಿಷ್ಣುಮೂರ್ತಿ. "ತನಿಯನ ಎಡಗೈ ಹೆಬ್ಬೆರಳನ್ನು ಮೂರು ಸಲವೂ ನಾನೇ ಹಿಡಿದು ಒತ್ತಿಸಿದ್ದೇನೆ. ಇನ್ನು ಎಂತ ಬೇಕು ನಿಮಗೆ?"

ನನಗೆ ಬೇಕಾಗಿದ್ದದ್ದು ಅಷ್ಟೇ. ಆ ಮಾತನ್ನು ಅವರ ಎದುರೇ ನನ್ನ ಪುಸ್ತಕದಲ್ಲಿ ಬರೆದು, ಕೆಳಗೆ ಅವರ ಸಹಿ ಹಾಕಿಸಿಕೊಂಡೆ. ಅವರು ಸಹಿ ಹಾಕಿ, ಪೆನ್ನಿನ ಮುಚ್ಚಳ ಮುಚ್ಚಿ, ಎಲೆ ಅಡಿಕೆಯ ಡಬ್ಬಿ ತೆರೆದರು.

ಕಾಪು ಪೇಟೆಯ ಕರಾವಳಿ ಗಿರಿಜನ ವಸತಿ ಸಂಘದ ಕಚೇರಿ. ಎಂಬತ್ತಮೂರರ ಮಾರ್ಚ್ ತಿಂಗಳ ಶುಕ್ರವಾರ, ಊಟ ಮುಗಿದ ಹೊತ್ತು. ಫ್ಯಾನು ತಿರುಗುತ್ತಿತ್ತು, ಸೆಕೆ ಮಾತ್ರ ಇದ್ದ ಹಾಗೇ ಇತ್ತು. ಮೇಜಿನ ಮೇಲೆ ಮೂರು ವೋಚರುಗಳನ್ನು ಸಾಲಾಗಿ ಇಟ್ಟಿದ್ದೆ. ಅಡಿಪಾಯಕ್ಕೆ ಹನ್ನೆರಡು ಸಾವಿರ, ಗೋಡೆಗೆ ಹನ್ನೆರಡು ಸಾವಿರ, ಮಾಡಿಗೆ ಹನ್ನೆರಡು ಸಾವಿರ. ಎಲ್ಲೂರಿನ ಆಚೆ ಕಲ್ಲಗುಡ್ಡೆಯ ಹನ್ನೆರಡು ಕೊರಗ ಕುಟುಂಬಗಳು ಮನೆ ಕಟ್ಟಿಕೊಳ್ಳಲಿ ಎಂದು ಸರಕಾರ ಕೊಟ್ಟ ಹಣ. ಮೂರರ ಕೆಳಗೂ "ಗುರಿಕಾರ ತನಿಯ, ಹನ್ನೆರಡು ಮಂದಿಯ ಪರವಾಗಿ" ಎಂಬ ಒಂದೇ ಬರಹ, ಪಕ್ಕದಲ್ಲಿ ಒಂದೊಂದು ಹೆಬ್ಬೆಟ್ಟು. ಗುರಿಕಾರನೆಂದರೆ ಆ ಕುಟುಂಬಗಳ ಮುಖಂಡ.

ಕಲ್ಲಗುಡ್ಡೆಯಲ್ಲಿ ಒಂದು ಗೋಡೆಯೂ ಎದ್ದಿಲ್ಲ. ಅಲ್ಲಿರುವುದು ತೆಂಗಿನ ಮಡಲು ಹೊದಿಸಿದ ಹನ್ನೆರಡು ಗುಡಿಸಲು. ಬಗ್ಗದೆ ಒಳಗೆ ಹೋಗಲಿಕ್ಕಾಗುವುದಿಲ್ಲ.

"ಹಣ ಕೊಟ್ಟಿದ್ದೇವೆ, ತನಿಯ ಕುಡಿದು ಹಾಳು ಮಾಡಿದ" ಎಂದು ಸಂಘದವರು ಮಂಗಳೂರಿಗೆ, ಜಿಲ್ಲಾಧಿಕಾರಿಯವರಿಗೆ ದೂರು ಕೊಟ್ಟಿದ್ದರು. ಸೋಮವಾರ ನನ್ನ ಆಡಿಟ್ ವರದಿ ಅಲ್ಲಿಗೆ ಹೋಗಬೇಕು. ವೋಚರುಗಳು ಸರಿ ಎಂದು ನಾನು ಬರೆದರೆ ಮಂಗಳವಾರ ತನಿಯನ ಕೈಗೆ ಕೋಳ ಬೀಳುತ್ತದೆ, ಕಲ್ಲಗುಡ್ಡೆಯ ಜಾಗ ಜಪ್ತಿಯಾಗುತ್ತದೆ, ಹನ್ನೆರಡು ಕುಟುಂಬಗಳು ಬೀದಿಗೆ ಬರುತ್ತವೆ. ಪೊಲೀಸರ ಪೆಟ್ಟಿಗೆ ಹೆದರಿ ತನಿಯ ಊರು ಬಿಟ್ಟು ಎಂಟು ದಿನ ಆಗಿತ್ತು.

ನಾನು ಸುಭಾಷಿಣಿ. ಮಣಿಪಾಲದ ಹೃಷೀಕೇಶ ಅವರ ಆಡಿಟ್ ಕಚೇರಿಯಲ್ಲಿ ಆರು ವರ್ಷಗಳಿಂದ ಕೆಂಪು ಪೆನ್ಸಿಲು ಹಿಡಿದವಳು. ನನಗೆ ಸಿಟ್ಟು ಬೇಗ ಬರುತ್ತದೆ ಎಂದು ಎಲ್ಲರೂ ಹೇಳುತ್ತಾರೆ. ಬರಲಿ. ಈ ಊರಿನಲ್ಲಿ ಸಿಟ್ಟು ಬಾರದವರೇ ಜಾಸ್ತಿ ಆಗಿದ್ದಾರೆ.

ಸಂಘದ ನಿಯಮ ಪುಸ್ತಕ ತೆರೆದೆ. ನಿಯಮಗಳನ್ನು ಬರೆದುಕೊಟ್ಟವರು ಹೃಷೀಕೇಶ ಸರ್. ಹಣವನ್ನು ಪ್ರತಿಯೊಬ್ಬರಿಗೂ ಬೇರೆ ಬೇರೆಯಾಗಿ ಕೊಡಬೇಕು. ಊರಿನ ಇಬ್ಬರು ಸಾಕ್ಷಿ ಇರಬೇಕು. ಓವರ್‌ಸಿಯರ್ ಮನೆಯ ಒಳಗೂ ಹೊರಗೂ ಅಳೆದ ಮೇಲೆಯೇ ಮುಂದಿನ ಕಂತು. ಓದು ಬಾರದವರಿಗೆ ಹಣ ಕೊಡುವವನೇ ಅವರ ಹೆಬ್ಬೆರಳನ್ನು ಹಿಡಿದು, ಶಾಯಿಯಲ್ಲಿ ಉರುಳಿಸಿ, ಕಾಗದದ ಮೇಲೆ ಉರುಳಿಸಿ ಮುದ್ರೆ ತೆಗೆಯಬೇಕು.

ಮೊದಲ ಮೂರರಲ್ಲಿ ಒಂದನ್ನಾದರೂ ಪಾಲಿಸಿದ್ದಾರೆಯೇ? ಹನ್ನೆರಡು ಮಂದಿಯ ಬದಲು ಒಬ್ಬ. ಊರಿನ ಸಾಕ್ಷಿಗಳ ಬದಲು ಸಂಘದ್ದೇ ಇಬ್ಬರು ಗುಮಾಸ್ತರು. ಅಳತೆ ಪುಸ್ತಕವಂತೂ ನೋಡಿದರೆ ಮೈ ಉರಿಯಬೇಕು. ಹನ್ನೆರಡು ಮನೆಗಳ ಹೊರಗಿನ ಅಳತೆ ಉಂಟು, ಒಳಗಿನದು ಇಲ್ಲ. ಕೊರಗರ ಮನೆಯೊಳಗೆ ಓವರ್‌ಸಿಯರ್ ಸರ್ವೋತ್ತಮ ಕಾಲಿಡುವವರಲ್ಲ. ಇಲ್ಲದ ಮನೆಯನ್ನು ಕಾಗದದಲ್ಲಿ ಕಟ್ಟುವಾಗಲೂ ಅವರು ಒಳಗೆ ಹೋಗಲಿಲ್ಲ, ಮಡಿ ಅಷ್ಟು ಗಟ್ಟಿ!

"ಒಬ್ಬರನ್ನು ಸ್ವಲ್ಪ ಒಳಗೆ ಕರೆಯುತ್ತೇನೆ," ಎಂದೆ.

"ಯಾರನ್ನು?"

ಹೊರಗೆ ಮೆಟ್ಟಿಲಿನ ಕೆಳಗೆ ಬಿಸಿಲಿನಲ್ಲಿ ಅಪ್ಪಿ ನಿಂತಿದ್ದಳು, ತನಿಯನ ಹೆಂಡತಿ. ಬೆಳಿಗ್ಗೆ ನನ್ನ ಜೊತೆಯಲ್ಲೇ ಬಂದವಳು. ಒಳಗೆ ಬಾ ಎಂದು ನಾನು ಎರಡು ಸಲ ಕರೆದಿದ್ದೆ, ಅವಳು ಬಂದಿರಲಿಲ್ಲ. ಮೂರನೆಯ ಸಲ ಕೈ ಸನ್ನೆ ಮಾಡಿದೆ. ಹೊಸ್ತಿಲು ದಾಟಿ ಬಂದಳು. ವಿಷ್ಣುಮೂರ್ತಿಯವರ ಕುರ್ಚಿ ತಾನಾಗಿ ಒಂದು ಗೇಣು ಹಿಂದೆ ಸರಿಯಿತು.

"ಇವಳು ನನಗೊಂದು ಅರ್ಜಿ ಕೊಟ್ಟಿದ್ದಾಳೆ," ಎಂದೆ. "ಅದಕ್ಕೆ ಹೆಬ್ಬೆಟ್ಟು ಆಗಬೇಕು. ನಿಯಮ ನಿಮಗೆ ಗೊತ್ತುಂಟಲ್ಲ. ಹಿಡಿದು ತೆಗೆಯಿರಿ."

"ನಾನಾ?"

"ಮೂರು ಸಲ ತನಿಯನ ಕೈ ಹಿಡಿದವರು ನೀವು. ನಾಲ್ಕನೆಯದಕ್ಕೆ ಎಂತ ತೊಂದರೆ?"

ಅವರು ಎಲೆಯನ್ನು ಡಬ್ಬಿಗೆ ಹಾಕಿ ಮುಚ್ಚಿದರು. ಶಾಯಿಯ ಪ್ಯಾಡನ್ನು ತೆಗೆದು ಮೇಜಿನ ಮೇಲೆ ಇಟ್ಟರು. ಆಮೇಲೆ ಅಡಿಕೋಲಿನಿಂದ ಅದನ್ನು ಮೆಲ್ಲಗೆ ಮೇಜಿನ ಅಂಚಿನವರೆಗೆ ದೂಡಿದರು. ಅರ್ಜಿಯನ್ನೂ ಹಾಗೆಯೇ ದೂಡಿದರು. ಅದು ಜಾರಿ ನೆಲಕ್ಕೆ ಬಿತ್ತು.

"ಅಲ್ಲೇ ಒತ್ತಲಿ," ಎಂದರು. "ಅವರಿಗೆ ಅಭ್ಯಾಸ ಉಂಟು."

"ಹಿಡಿಯಿರಿ ಅಯ್ಯೆರೆ," ಎಂದಳು ಅಪ್ಪಿ, ಕೈ ಮುಂದೆ ಚಾಚಿ. "ನನ್ನ ಗಂಡನ ಕೈ ಮೂರು ಸಲ ಹಿಡಿದಿರಿ ಅಂತೆ. ನಾನು ಅವರಷ್ಟು ಕಪ್ಪು ಇಲ್ಲ. ಕಚ್ಚುವುದೂ ಇಲ್ಲ."

ವಿಷ್ಣುಮೂರ್ತಿಯವರ ಕಿವಿ ಕೆಂಪಾಯಿತು. "ಇವತ್ತು ನನಗೆ ಮನೆಯಲ್ಲಿ ಪೂಜೆ ಉಂಟು. ನಾಳೆ ನೋಡುವ."

"ಮೂರು ವೋಚರಿನ ಮೂರು ದಿನವೂ ನಿಮ್ಮ ಮನೆಯಲ್ಲಿ ಪೂಜೆ ಇರಲಿಲ್ವಾ?"

ಅವರು ಎಲೆಯ ಡಬ್ಬಿಯನ್ನು ಮತ್ತೆ ತೆರೆದು, ಮತ್ತೆ ಮುಚ್ಚಿದರು.

ಎಪ್ಪತ್ತೊಂಬತ್ತರ ರಶೀದಿಗಳ ಕಟ್ಟನ್ನು ಬಿಚ್ಚಿದೆ. ಆ ವರ್ಷ ಇದೇ ಸಂಘ ಕಲ್ಲಗುಡ್ಡೆಯವರಿಗೆ ಕಂಬಳಿ ಹಂಚಿತ್ತು. ಹಂಚಿದವರು ಇದೇ ವಿಷ್ಣುಮೂರ್ತಿ. ಆ ರಶೀದಿಗಳಲ್ಲಿ ಹನ್ನೆರಡು ಹೆಬ್ಬೆಟ್ಟು. ಒಂದೂ ನೆಟ್ಟಗಿಲ್ಲ. ಒಂದು ಓರೆ, ಒಂದು ಅರ್ಧ, ಒಂದು ಬರೀ ಕಪ್ಪು ಮಚ್ಚೆ. ಶಾಯಿಯ ಜೊತೆಗೆ ಕೆಂಪು ಮಣ್ಣು ಮೆತ್ತಿಕೊಂಡು ಒಣಗಿತ್ತು. ಕಾಗದವನ್ನು ಅಂಗಳದ ನೆಲದಲ್ಲಿಟ್ಟು, ದೂರದಲ್ಲಿ ನಿಂತು, ಒತ್ತಿ ಹೋಗಿ ಎಂದಿದ್ದಾರೆ. ಕಲ್ಲಗುಡ್ಡೆಯವರು ಬಗ್ಗಿ ಒತ್ತಿ ಹೋಗಿದ್ದಾರೆ.

ಈಗ ಹೊಸ ಮೂರು. ಎಣ್ಣೆ ಹಚ್ಚಿ ತಲೆ ಬಾಚಿದಷ್ಟು ಚೊಕ್ಕ. ಉಗುರಿನ ಒಂದು ಬದಿಯಿಂದ ಇನ್ನೊಂದು ಬದಿಯವರೆಗೆ ಉರುಳಿಸಿದ, ಒಂದು ಗೆರೆಯೂ ತಪ್ಪದ ಹೆಬ್ಬೆಟ್ಟು. ಮೇಜಿನ ಮೇಲೆ ಕಾಗದ ಇಟ್ಟು, ಪಕ್ಕದಲ್ಲಿ ಕುಳಿತು, ಕೈ ಹಿಡಿದು ತೆಗೆದದ್ದು. ಈ ಕಚೇರಿಯಲ್ಲಿ ಕೊರಗನೊಬ್ಬನಿಗೆ ಅಂಥ ಮರ್ಯಾದೆ ಯಾವ ಕಾಲದಲ್ಲಿ ಸಿಕ್ಕಿತು?

ಹೆಬ್ಬೆಟ್ಟಿನ ವಿಷಯದಲ್ಲಿ ಕಳ್ಳರು ನಿಯಮ ಪುಸ್ತಕ ಓದಿ, ನಿಯಮದ ಪ್ರಕಾರವೇ ಕದ್ದಿದ್ದರು. ತಾವು ನಾಲ್ಕು ವರ್ಷದ ಹಿಂದೆ ಹೇಗೆ ನಡೆದುಕೊಂಡಿದ್ದೆವು ಎನ್ನುವುದು ಅವರಿಗೆ ನೆನಪಾಗಲಿಲ್ಲ. ನೆನಪಿಡುವಂಥ ತಪ್ಪು ಎಂದು ಅನಿಸಿದ್ದರೆ ತಾನೇ?

ಇದು ನನಗೆ ಹೇಗೆ ಹೊಳೆಯಿತು ಎಂದು ಕೇಳಿದರೆ ನಾಚಿಕೆಯಾಗುತ್ತದೆ. ನಾನು ಅಂಬಲಪಾಡಿಯವಳು, ದೇವಸ್ಥಾನದ ಊಟ ಉಂಡು ಬೆಳೆದ ಮನೆಯವಳು. ನಮ್ಮ ಅಂಗಳದ ತುದಿಯಲ್ಲಿ ಬುಟ್ಟಿ ಮಾರಲು ಬಂದವರಿಗೆ ಅಮ್ಮ ಅಕ್ಕಿಯನ್ನು ನೆಲದಲ್ಲಿಟ್ಟು ಹಿಂದೆ ಸರಿಯುತ್ತಿದ್ದಳು. ಒಮ್ಮೆ ನಾನು ನಾಲ್ಕಾಣೆಯನ್ನು ಕೈಗೇ ಕೊಡಲು ಹೋಗಿ ಬೈಸಿಕೊಂಡು, ತಲೆಗೆ ನೀರು ಹೊಯ್ಸಿಕೊಂಡಿದ್ದೆ. ಆಮೇಲೆ ನಾನೂ ನೆಲದಲ್ಲೇ ಇಡಲು ಕಲಿತೆ. ಕಳ್ಳತನ ನನ್ನ ಕಣ್ಣಿಗೆ ಬಿದ್ದದ್ದು ಜಾಣತನದಿಂದಲ್ಲ, ಅದೇ ಬುದ್ಧಿ ನನಗೂ ಇದ್ದದ್ದರಿಂದ.

ಬಿದ್ದ ಅರ್ಜಿಯನ್ನು ಎತ್ತಿ ಮೇಜಿನ ಮೇಲಿಟ್ಟೆ. ಅಪ್ಪಿಯನ್ನು ಕುರ್ಚಿಯಲ್ಲಿ ಕೂರಿಸಿ, ಅವಳ ಹೆಬ್ಬೆರಳನ್ನು ನಾನೇ ಹಿಡಿದೆ. ಮೂವತ್ತೊಂದು ವರ್ಷದಲ್ಲಿ ಕೊರಗರ ಕೈ ನಾನು ಮುಟ್ಟಿದ್ದು ಅದೇ ಮೊದಲು. ಕಾಡುಬಳ್ಳಿಯನ್ನು ಒತ್ತಿ ಹಿಡಿದು ಸೀಳಿ ಸೀಳಿ ಆ ಬೆರಳು ಜಡ್ಡುಗಟ್ಟಿತ್ತು. ಕಾಗದದಲ್ಲಿ ಬಿದ್ದ ಮುದ್ರೆಯ ತುಂಬ ಹಳೆಯ ಗಾಯದ ಅಡ್ಡಗೆರೆಗಳು.

"ನಿನ್ನ ಗಂಡನ ಬೆರಳೂ ಹೀಗೇ ಉಂಟಾ?"

"ನನ್ನದು ಎಂತ ಮಹಾ. ಅವರದು ಇನ್ನೂ ಜಾಸ್ತಿ. ಇಪ್ಪತ್ತೈದು ವರ್ಷ ಆಯಿತು ಬುಟ್ಟಿ ಹೆಣೆಯಲಿಕ್ಕೆ ಶುರು ಮಾಡಿ."

ವೋಚರುಗಳನ್ನು ಅದರ ಪಕ್ಕದಲ್ಲಿಟ್ಟು ನೋಡಿದೆ. ಅಲ್ಲಿ ಅಡ್ಡಗೆರೆ ಒಂದೂ ಇರಲಿಲ್ಲ. ಬಳ್ಳಿ ಮುಟ್ಟದ, ಕತ್ತಿ ಹಿಡಿಯದ, ಕುಳಿತು ಉಂಡ ಬೆರಳು ಅದು.

"ಯಾರದು ಇದು?" ಎಂದು ಕೇಳಿದೆ. ಕೇಳಿದೆ ಎನ್ನುವುದಕ್ಕಿಂತ ಕಿರುಚಿದೆ ಎನ್ನಬೇಕು. ಪಕ್ಕದ ಕೋಣೆಯ ಟೈಪಿನ ಸದ್ದು ನಿಂತಿತು.

ವಿಷ್ಣುಮೂರ್ತಿ ಮುಖ ಒರೆಸಿಕೊಂಡರು. "ನನ್ನದಲ್ಲ. ದೇವರಾಣೆ, ನನ್ನದಲ್ಲ. ಬೇಕಾದರೆ ನನ್ನ ಬೆರಳು ನೋಡಿ." ಎಡಗೈ ಮುಂದೆ ಹಿಡಿದರು. ಅದು ಉದ್ದನೆಯ ಸಣಕಲು ಬೆರಳು, ವೋಚರಿನದು ಅಗಲದ್ದು. "ವೋಚರು ಹೆಬ್ಬೆಟ್ಟು ಬಿದ್ದೇ ನನ್ನ ಮೇಜಿಗೆ ಬಂತು. ನಾನು ಪುಸ್ತಕಕ್ಕೆ ಏರಿಸಿದ್ದು ಮಾತ್ರ."

"ಎಲ್ಲಿಂದ ಬಂತು?"

"ಅದು ಕೇಳಬೇಡಿ."

"ಹಣ ಯಾರ ಕೈಗೆ ಕೊಟ್ಟಿರಿ?"

ಅವರು ಎದ್ದು ಕಿಟಕಿಯ ಬಳಿ ಹೋದರು. ತಿರುಗಿ ಬಂದಾಗ ದನಿ ಬದಲಾಗಿತ್ತು. "ಮೇಡಂ, ಇದೆಲ್ಲ ನಿಮ್ಮ ಊಹೆ. ಕಂಬಳಿಯ ಹೆಬ್ಬೆಟ್ಟು ಹೋಲಿಸಲಿಕ್ಕೆ ಆಗುವ ಹಾಗಿಲ್ಲ, ನೀವೇ ನೋಡಿದಿರಿ. ತನಿಯನ ಬೇರೆ ಮುದ್ರೆ ಲೋಕದಲ್ಲೇ ಇಲ್ಲ. ಅವನ ಬೆರಳನ್ನೇ ತಂದು ಪಕ್ಕದಲ್ಲಿ ಇಟ್ಟರೆ ಮಾತ್ರ ನಿಮ್ಮ ಮಾತು ನಿಲ್ಲುತ್ತದೆ. ಸೋಮವಾರದೊಳಗೆ ತನ್ನಿ, ಎಲ್ಲ ಹೇಳುತ್ತೇನೆ." ಒಂದು ಕ್ಷಣ ತಡೆದು ಮತ್ತೆ ಅಂದರು, "ಅದಕ್ಕೂ ಮೊದಲು ನೀವು ಯಾರ ಸಂಬಳ ತಿನ್ನುತ್ತೀರಿ ಎಂದು ಒಮ್ಮೆ ನೋಡಿಕೊಳ್ಳಿ."

ಆ ಕೊನೆಯ ಮಾತನ್ನು ನಾನು ಬೆದರಿಕೆ ಎಂದೇ ತಿಳಿದೆ. ಸಂಘ ನಮ್ಮ ಕಚೇರಿಗೆ ಫೀಸು ಕೊಡುತ್ತದೆ, ಸುಮ್ಮನಿರು ಎನ್ನುತ್ತಿದ್ದಾರೆ ಎಂದುಕೊಂಡೆ. ಸಿಟ್ಟಿನಲ್ಲಿ ಬುದ್ಧಿ ಅಷ್ಟೇ ಓಡುವುದು.

ಹೊರಗೆ ಬಂದ ಮೇಲೆ ಅಪ್ಪಿ ನನ್ನ ಹಿಂದೆಯೇ ನಡೆದಳು. ಬಸ್ಸು ನಿಲ್ಲುವ ಜಾಗದಲ್ಲಿ ನನ್ನ ಸೆರಗು ಹಿಡಿದು ಎಳೆದಳು.

"ಅಕ್ಕ, ನನ್ನ ಗಂಡ ಕಾರ್ಕಳದಲ್ಲಿ ಉಂಟು. ಪೇಟೆ ದಾಟಿದ ಮೇಲೆ ಅಲೆಕ್ಸಾಂಡರ್ ಮೇಸ್ತ್ರಿಯ ಕಲ್ಲು ಕಡೆಯುವ ಚಪ್ಪರ. ಕಲ್ಲಿನ ಪುಡಿ ಹೊರುವ ಬುಟ್ಟಿ ನಾವೇ ಅವರಿಗೆ ಕೊಡುವುದು. ಬಾಯಿ ಬಿಟ್ಟು ಯಾರಿಗೂ ಹೇಳಿದವಳಲ್ಲ ನಾನು. ನನ್ನ ಅತ್ತೆಗೂ ಗೊತ್ತಿಲ್ಲ. ನೀವು ಯಾರಿಗೂ ಹೇಳಬಾರದು."

"ಇಲ್ಲ," ಎಂದೆ.

ಯಾರಿಗೂ ಎಂದರೆ ಅದರಲ್ಲಿ ಹೃಷೀಕೇಶ ಸರ್ ಸೇರುವುದಿಲ್ಲ ಎಂದು ನಾನೇ ತೀರ್ಮಾನಿಸಿಬಿಟ್ಟೆ.

ಸಂಜೆ ಐದಕ್ಕೆ ಮಣಿಪಾಲದ ಕಚೇರಿಯಲ್ಲಿ ಅವರ ಎದುರು ಕುಳಿತೆ. ಐವತ್ತೈದರ, ತಣ್ಣಗಿನ ಮನುಷ್ಯ. ನನಗೆ ಕೂಡಿಸುವುದನ್ನೂ ಕಳೆಯುವುದನ್ನೂ ಶಾಲೆ ಕಲಿಸಿರಬಹುದು, ಅನುಮಾನಪಡುವುದನ್ನು ಕಲಿಸಿದವರು ಅವರು. ನಾನು ಹೇಳಿದ್ದನ್ನೆಲ್ಲ ಕಣ್ಣು ಮುಚ್ಚಿ ಕೇಳಿದರು.

"ಭೇಷ್," ಎಂದರು. "ಇಷ್ಟು ಒಳ್ಳೆಯ ಪಾಯಿಂಟನ್ನು ನಾನೂ ಹಿಡಿಯುತ್ತಿರಲಿಲ್ಲ. ನಾಳೆಯೇ ತನಿಯನ ಮುದ್ರೆ ಆಗಬೇಕು."

"ನಾನೇ ಹೋಗಿ ತೆಗೆಯುತ್ತೇನೆ ಸರ್."

"ಅದು ತಪ್ಪು ಸುಭಾಷಿಣಿ. ಆಕ್ಷೇಪ ಎತ್ತಿದವರೇ ಸಾಕ್ಷಿಯನ್ನೂ ತಯಾರಿಸಬಾರದು. ಒಂದು ಕೆಲಸಕ್ಕೆ ಎರಡು ಕೈ ಬೇಕು, ಒಬ್ಬರ ಮೇಲೆ ಇನ್ನೊಬ್ಬರ ಕಣ್ಣಿರಬೇಕು. ಇದನ್ನು ನಾನು ನಿಮಗೆ ಮೊದಲ ದಿನವೇ ಹೇಳಿಕೊಟ್ಟಿದ್ದೆ, ಅಲ್ವಾ? ನಾನು ಒಬ್ಬ ವಕೀಲರನ್ನು ಕರೆದುಕೊಂಡು ಹನ್ನೊಂದಕ್ಕೆ ಅಲ್ಲಿಗೆ ಬರುತ್ತೇನೆ. ಅಪ್ಪಿಯನ್ನು ಕರೆದುಕೊಂಡು ನೀವು ಬನ್ನಿ. ಅವನು ಇರುವ ಜಾಗ, ಬೇಕಾದ ಮುದ್ರೆ, ಎಲ್ಲವನ್ನೂ ಬರೆದು ಸಹಿ ಹಾಕಿ ಕೊಡಿ. ಬಾಯಿಮಾತು ಬೇಡ."

ಅವರು ಹೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ನಾನು ಬೇರೆಯವರ ಪುಸ್ತಕಗಳಲ್ಲಿ ಇಲ್ಲ ಎಂದು ಕೂಗಾಡುವ ನಿಯಮವೇ ಅದು. ಕಚೇರಿಯ ಹೆಸರಿರುವ ನೀಲಿ ಕಾಗದ ತೆಗೆದು, ದುಂಡಗಿನ ಅಕ್ಷರದಲ್ಲಿ ಬರೆದು, ಸಹಿ ಹಾಕಿ ಅವರ ಕೈಗೆ ಕೊಟ್ಟೆ. ಅವರು ಎರಡು ಸಲ ಓದಿ, ಮಡಚಿ ಅಂಗಿಯ ಜೇಬಿಗೆ ಹಾಕಿಕೊಂಡರು.

ಶನಿವಾರ ಬೆಳಿಗ್ಗೆ ಪಡುಬಿದ್ರಿಯಲ್ಲಿ ಅಪ್ಪಿ ಸಿಕ್ಕಿದಳು. ತೊಳೆದ ಸೀರೆ ಉಟ್ಟಿದ್ದಳು. ಕಾರ್ಕಳದ ಬಸ್ಸು ಹತ್ತಿದೆವು. "ನೀನು ಹಿಂದೆ ಹೋಗು," ಎಂದ ಕಂಡಕ್ಟರ್. "ಎರಡು ಟಿಕೆಟು, ಇಬ್ಬರೂ ಇಲ್ಲೇ," ಎಂದೆ. ಮೂವರ ಸೀಟಿನಲ್ಲಿ ಮೂರನೆಯವರು ಕಾರ್ಕಳದವರೆಗೂ ಕೂರಲಿಲ್ಲ. ಬೆಳ್ಮಣ್ಣಿನಲ್ಲಿ ಹತ್ತಿದವರೂ ಕಂಬಿ ಹಿಡಿದು ನಿಂತೇ ಬಂದರು. ಬೈಯಲು ಬಾಯಿ ತೆರೆದರೆ ಅಪ್ಪಿಯೇ ನನ್ನ ತೊಡೆ ಒತ್ತಿದಳು.

"ಒಳ್ಳೆಯದೇ ಆಯಿತು ಅಕ್ಕ, ಕಾಲು ಚಾಚಿ ಕೂರಬಹುದು," ಎಂದಳು. ಆಮೇಲೆ ಕೇಳಿದಳು, "ಇವತ್ತು ಬೆರಳು ಒತ್ತಿದರೆ ಮಂಗಳವಾರ ಪೊಲೀಸರು ಬರುವುದಿಲ್ಲ, ಅಲ್ವಾ?"

"ಬರುವುದಿಲ್ಲ."

"ಮತ್ತೆ ಮನೆ?"

"ಕದ್ದವರಿಂದಲೇ ಕಕ್ಕಿಸಿ ಕಟ್ಟಿಸುವ."

"ಬಾಗಿಲು ಎತ್ತರ ಇಡಲಿಕ್ಕೆ ಹೇಳಿ," ಎಂದಳು ಅಪ್ಪಿ. "ಬಗ್ಗಿ ಬಗ್ಗಿ ಸಾಕಾಗಿದೆ."

ಹತ್ತೂವರೆಗೆ ಚಪ್ಪರ ತಲುಪಿದೆವು. ಉಳಿಯ ಸದ್ದು ರಸ್ತೆಗೇ ಕೇಳಬೇಕಿತ್ತು. ಕೇಳಲಿಲ್ಲ. ಅರ್ಧ ಕಡೆದ ಕಪ್ಪು ಕಲ್ಲುಗಳ ನಡುವೆ ಕೆಲಸದವರು ಕೈ ಕಟ್ಟಿ ನಿಂತಿದ್ದರು. ಅಲೆಕ್ಸಾಂಡರ್ ಮೇಸ್ತ್ರಿ, ಬನಿಯನ್ ತೊಟ್ಟ ದಪ್ಪ ಮನುಷ್ಯ, ನಮ್ಮನ್ನು ಕಂಡು ಎದುರು ಬಂದ. ಅಪ್ಪಿಯ ಮುಖ ನೋಡಲಾರದೆ ನೆಲ ನೋಡಿದ.

"ನಾನು ಬೆಳಿಗ್ಗೆ ಪೇಟೆಗೆ ಹೋಗಿದ್ದೆ ಮಾರಾಯ್ತಿ. ಅರ್ಧ ಗಂಟೆ, ಹೆಚ್ಚಿಗೆ ಇಲ್ಲ. ಕೆಲಸದವರೂ ಬಂದಿರಲಿಲ್ಲ. ಬರುವಾಗ ಆಗಿ ಹೋಗಿತ್ತು."

ತನಿಯ ಒಳಗೆ ಗೋಣಿಯ ಮೇಲೆ ಗೋಡೆಗೆ ಒರಗಿ ಕುಳಿತಿದ್ದ. ಎಡಗೈಗೆ ಮೊಣಕೈವರೆಗೆ ಬಟ್ಟೆ ಸುತ್ತಿತ್ತು. ಬಟ್ಟೆ ಒದ್ದೆಯಾಗಿ ಕೆಂಪಾಗಿತ್ತು. ಡಾಕ್ಟರು ಬಂದು ಕಟ್ಟಿ ಹೋಗಿದ್ದಾರೆ, ಹೆಬ್ಬೆರಳು ಉಳಿಯುವುದಿಲ್ಲ ಅಂದಿದ್ದಾರೆ ಎಂದ ಅಲೆಕ್ಸಾಂಡರ್. ಅಪ್ಪಿ ಗಂಡನ ಪಕ್ಕದಲ್ಲಿ ಕುಳಿತು ಆ ಕೈಯನ್ನು ತನ್ನ ಮಡಿಲಿಗೆ ಎತ್ತಿಕೊಂಡಳು.

"ಇಬ್ಬರು ಬಂದಿದ್ದರು," ಎಂದ ತನಿಯ. ಅವನ ದನಿ ಸಣ್ಣದಾಗಿತ್ತು. "ಎಂಟು ಗಂಟೆಗೆ. ಕಾಗದ ತೋರಿಸಿದರು. ಆಡಿಟಿನ ಅಮ್ಮ ಕಳಿಸಿದ್ದು, ಅಪ್ಪಿಗೂ ಗೊತ್ತುಂಟು ಅಂದರು. ನಾನು ದೂರ ನಿಂತೆ. ಹೆದರಬೇಡ ಅಂತ ಹತ್ತಿರ ಬಂದು ನನ್ನ ಕೈ ಹಿಡಿದರು. ಬಿಳಿ ಬಟ್ಟೆಯವರು ನನ್ನ ಕೈ ಹಿಡಿದದ್ದು ನಾನು ಕಂಡದ್ದೇ ಇಲ್ಲ. ಹಿಡಿದರಲ್ಲ, ಅದಕ್ಕೇ ನಂಬಿದೆ."

"ಆಮೇಲೆ?"

"ಕಲ್ಲಿನ ಮೇಲೆ ಇಡು, ಅಲುಗಬಾರದು ಅಂದರು. ನಾನು ಅಲುಗಲಿಲ್ಲ. ಇನ್ನೊಬ್ಬ ಹಿಂದಿನಿಂದ ಸುತ್ತಿಗೆ ಎತ್ತಿದ."

ಹನ್ನೆರಡು ಮನೆ ನುಂಗಿದ್ದು ಸಾಲದೆ, ಬುಟ್ಟಿ ಹೆಣೆದು ಹೊಟ್ಟೆ ಹೊರೆಯುವವನ ಕೈಯನ್ನೂ ನುಂಗಿದರು! ಯಾರನ್ನಾದರೂ ಹಿಡಿದು ಬಡಿಯಬೇಕು ಅನಿಸಿತು. ಎದುರಿಗೆ ಯಾರೂ ಇರಲಿಲ್ಲ.

"ಯಾವ ಕಾಗದ?" ಎಂದೆ. ಕೇಳುವ ಮೊದಲೇ ನನಗೆ ಗೊತ್ತಿತ್ತು.

"ಓಡುವ ಗಡಿಬಿಡಿಯಲ್ಲಿ ಬಿಟ್ಟು ಹೋಗಿದ್ದಾರೆ," ಎಂದು ಅಲೆಕ್ಸಾಂಡರ್ ಕಲ್ಲಿನ ಅಡಿಯಿಂದ ಎತ್ತಿ ಕೊಟ್ಟ. ನೀಲಿ ಕಾಗದ, ನನ್ನ ದುಂಡಗಿನ ಅಕ್ಷರ.

ಅಪ್ಪಿಗೆ ಓದಲು ಬರುವುದಿಲ್ಲ. ನನ್ನ ಕೈಯಿಂದ ಅದನ್ನು ತೆಗೆದು ಅಲೆಕ್ಸಾಂಡರನಿಗೆ ಕೊಟ್ಟಳು. "ಓದಿ," ಎಂದಳು.

ಅವನು ತಡವರಿಸುತ್ತ ಓದಿದ. "ತನಿಯ ಎಂಬವರು ಕಾರ್ಕಳದಲ್ಲಿ ಅಲೆಕ್ಸಾಂಡರ್ ಮೇಸ್ತ್ರಿಯ ಕಲ್ಲಿನ ಚಪ್ಪರದಲ್ಲಿ ಇರುತ್ತಾರೆ. ಈ ಪತ್ರ ತರುವವರಿಗೆ ಅವರು ತಮ್ಮ ಎಡಗೈ ಹೆಬ್ಬೆರಳಿನ ಮುದ್ರೆ ಕೊಡಬೇಕು. ಸುಭಾಷಿಣಿ."

ಅಪ್ಪಿ ನನ್ನನ್ನು ನೋಡಿದಳು. "ಇದು ಬರೆದದ್ದು ನೀವಾ?"

"ಹೌದು," ಎಂದೆ.

ಅವಳು ಗಂಡನ ಕೈಗೆ ಸುತ್ತಿದ್ದ ಬಟ್ಟೆಯ ಮೇಲೆ ತನ್ನ ಸೆರಗನ್ನೂ ಸುತ್ತತೊಡಗಿದಳು. ಹೇಳಲು ನನ್ನ ಬಳಿ ಒಂದೇ ಹೆಸರಿತ್ತು, ನಿನ್ನೆ ಸಂಜೆ ಆ ಕಾಗದವನ್ನು ಜೇಬಿಗೆ ಹಾಕಿಕೊಂಡವರದು.

ಆಗ ಹೊರಗೆ ಕಾರು ನಿಂತ ಸದ್ದಾಯಿತು. ಬಾಗಿಲು ತೆರೆದು ಕಪ್ಪು ಕೋಟಿನ ವಕೀಲರೊಬ್ಬರು ಇಳಿದರು. ಹಿಂದೆಯೇ ಹೃಷೀಕೇಶ ಸರ್. ಕೈಯಲ್ಲಿ ಶಾಯಿಯ ಹೊಸ ಪ್ಯಾಡು, ಒಂದು ಕಟ್ಟು ಬಿಳಿ ಕಾಗದ. ಗಡಿಯಾರ ನೋಡಿಕೊಂಡು, ಚಪ್ಪರದ ಒಳಗೆ ಬಗ್ಗಿ, ನನ್ನನ್ನು ಕಂಡು ನಕ್ಕರು.

"ಸರಿಯಾಗಿ ಹನ್ನೊಂದು," ಎಂದರು. "ಎಲ್ಲಿ ಸುಭಾಷಿಣಿ, ನಿಮ್ಮ ತನಿಯ? ಹೆಬ್ಬೆರಳು ತೋರಿಸಲಿ."